ಯಾವ ಪುಸ್ತಕದಲ್ಲಿ ಬರೆಯಲಿ

ಹಾರ್ಮೂಗ್ ಪೂರ್ತಿ ದ್ವೀಪವೂ ಅಲ್ಲ, ದಡವೂ ಅಲ್ಲ.
ಜರ್ಮನಿಯ ಅಂಚಿನಲ್ಲಿ, ಬಡಗಣ ಕಡಲು
ದಿನಕ್ಕೆರಡು ಸಲ ಮನಸ್ಸು ಬದಲಿಸುವ ಕಡೆ
ಹಾಸಿಟ್ಟ ಹುಲ್ಲುಚಾಪೆ. ಅದರ ಮೇಲೆ ನಾಲ್ಕು ದಿಬ್ಬ,
ದಿಬ್ಬದ ಮೇಲೆ ಮನೆ, ಮನೆಗಳ ನಡುವೆ ಮಳೆನೀರಿನ ಗುಂಡಿ.
ಜನ ಹದಿನೇಳು, ನನ್ನನ್ನೂ ಸೇರಿಸಿ.
ಕುರಿಗಳ ಲೆಕ್ಕ ಬೇಕಾದರೆ ಕೆಟೆಲ್‌ನನ್ನು ಕೇಳಿ;
ತೆರಿಗೆಯವರೆಂದುಕೊಂಡು ಸುಳ್ಳು ಹೇಳುತ್ತಾನೆ.

ಶಾಲೆಗೆ ಇಬ್ಬರು ಮಕ್ಕಳು. ಟಾಡೆಗೆ ಒಂಬತ್ತು, ಎಲ್ಕೆಗೆ ಏಳು.
ಏಪ್ರಿಲಿನಲ್ಲಿ, ಕಡಲಬಾತುಗಳು ಹಿಂಡುಹಿಂಡಾಗಿ ಇಳಿದು
ಹೊಸಹುಲ್ಲನ್ನು ಬೋಳಿಸುವ ಹೊತ್ತಿಗೆ
ಊರಿನ ನಕ್ಷೆ ಬರೆಸುವುದು ಇಲ್ಲಿಯ ಪದ್ಧತಿ,
ನಾನು ಸೊಸೆಯಾಗಿ ಬರುವ ಮುಂಚಿನದು.
ಗೋಡೆಯುದ್ದಕ್ಕೂ ತೂಗಿವೆ ಹಳೆಯವು.
ಎಡದಿಂದ ಬಲಕ್ಕೆ ನಡೆಯುತ್ತ ನೋಡಿದರೆ
ಬಚ್ಚಲ ಸಾಬೂನಿನಂತೆ ಸವೆಯುತ್ತದೆ ಊರು.
ಮೊದಲನೆಯದರಲ್ಲಿ ಏಳು ದಿಬ್ಬ.
ಬರೆದವಳು ಗೊಂಡೆಲ್, ನನ್ನ ಅತ್ತೆಯ ತಾಯಿ,
ಆಗ ಅವಳಿಗೆ ಹತ್ತು ವರ್ಷ.
ಒಂದು ಹಸುವನ್ನು ಮನೆಗಿಂತ ದೊಡ್ಡದಾಗಿ ಬರೆದಿದ್ದಾಳೆ.
ಈಗ ಹಸುವೂ ಇಲ್ಲ, ಆ ದಿಬ್ಬವೂ ಇಲ್ಲ.
ಕಾಗದದ ಅಳತೆ ಮಾತ್ರ ಅದೇ.
ಪೆಟ್ಟಿಗೆಯಲ್ಲಿ ನೀಲಿ ಪೆನ್ಸಿಲು ಬೇಗ ಮುಗಿಯುತ್ತದೆ.

ನಿನ್ನೆ ಇಳಿತ ನೋಡಿಕೊಂಡು, ರಬ್ಬರ್ ಬೂಟು ತೊಡಿಸಿ,
ಇಬ್ಬರನ್ನೂ ಕೆಸರುಬಯಲಿಗೆ ಕರೆದೊಯ್ದೆ.
ನೀರು ಸರಿದ ಜಾಗದಲ್ಲಿ ನೇಗಿಲ ಗೆರೆಗಳು,
ಯಾರೋ ಈಗತಾನೇ ಎತ್ತು ಬಿಚ್ಚಿ ಹೋದ ಹಾಗೆ.
ಆಚೆ, ಹುಲ್ಲುಹೆಂಟೆ ಸುತ್ತಿ ಕಟ್ಟಿದ ಒಂದು ಬಾವಿ,
ಬಾಯಿಯವರೆಗೂ ಕಡಲು ತುಂಬಿಕೊಂಡು
ನೆಲಕ್ಕೆ ಸಮನಾಗಿ ಕೂತಿತ್ತು.
ಎಲ್ಕೆ ಏಡಿ ಹುಡುಕಿದಳು.
ಟಾಡೆ ಬಗ್ಗಿ, ಬೆರಳದ್ದಿ, ರುಚಿ ನೋಡಿ, ಉಗಿದು,
ಕೇಳಿದ: "ಟೀಚರ್, ಇದನ್ನು ಯಾವ ಪುಸ್ತಕದಲ್ಲಿ ಬರೆಯಲಿ?
ಚರಿತ್ರೆಯದರಲ್ಲೋ, ಭೂಗೋಳದ್ದರಲ್ಲೋ?"

ನನಗೆ ಗೊತ್ತಿದ್ದದ್ದನ್ನು ಹೇಳಿದೆ. ೧೬೩೪ರ ಅಕ್ಟೋಬರ್,
ಒಂದೇ ರಾತ್ರಿ. ತೊಟ್ಟಿಲು ತೇಲಿದ್ದು,
ಇಗರ್ಜಿಯ ಬಾಗಿಲಿಗೆ ಮೀನು ಬಡಿದದ್ದು.
ಮುಳುಗಿದ ಗಂಟೆ ಈಗಲೂ ಕೇಳಿಸುತ್ತದೆ ಎನ್ನುತ್ತಾರೆ.
ಇಲ್ಲ. ಇಪ್ಪತ್ತೊಂಬತ್ತು ವರ್ಷದಿಂದ ಕಿವಿಗೊಟ್ಟಿದ್ದೇನೆ.
ಆಮೇಲೆ ಉಳಿದವರ ಮಕ್ಕಳು, ಹನ್ನೆರಡು ತುಂಬುವಷ್ಟರಲ್ಲಿ,
ತಿಮಿಂಗಿಲದ ಹಡಗು ಹತ್ತಿ ಗ್ರೀನ್‌ಲೆಂಡಿನ ಕಡೆ ಹೋದದ್ದು,
ಮರಳಿದವರು ನೀಲಿ ಹಂಚು ತಂದು ಗೋಡೆಗೆ ಅಂಟಿಸಿದ್ದು,
ಮರಳದವರ ಹೆಸರು ಹೆಂಡತಿಯ ಕಲ್ಲಿನ ಮೇಲೆ
ಕೊನೆಯ ಸಾಲಿನಲ್ಲಿ ಇಕ್ಕಟ್ಟಾಗಿ ಇರುವುದು.

ಆದರೆ ಕಡಲನ್ನು ಬೈದು ಮುಗಿಸುವಂತಿಲ್ಲ.
ಈ ನೆಲದಡಿ ಉಪ್ಪುಂಡ ಕರಿಮಣ್ಣಿತ್ತು.
ಅಗೆದರು. ಒಣಗಿಸಿ ಸುಟ್ಟರು. ಬೂದಿ ಸೋಸಿ, ಕುದಿಸಿ,
ಮೂಟೆ ಕಟ್ಟಿ ದೊರೆಗಳ ಅಡುಗೆಮನೆಗೆ ಮಾರಿದರು.
ಮೊಳ ಮೊಳ ತಗ್ಗಿತು ಹೊಲ.
ಕಡಲು ಇಳಿದು ಬರಲಿಕ್ಕೆ ಮೆಟ್ಟಿಲು ಕೊರೆದವರು ನಾವೇ.
ಉಪ್ಪು ತಿಂದವರು ನೀರು ಕುಡಿಯಲೇಬೇಕಂತೆ;
ಮಾರಿದವರನ್ನು ನೀರೇ ಕುಡಿಯಿತು.
ಇದನ್ನು ಮಕ್ಕಳಿಗೆ ಹೇಳಬೇಕೋ ಬೇಡವೋ ಎಂದು
ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿದ್ದೆ,
ಅಷ್ಟರಲ್ಲಿ ಕಾಲುವೆಯೊಳಗೆ ನೀರು ತಿರುಗಿತು.
ಭರತ ಇಲ್ಲಿ ಎದುರಿನಿಂದ ಬರುವುದಿಲ್ಲ,
ಬೆನ್ನ ಹಿಂದಿನಿಂದ, ಸದ್ದಿಲ್ಲದೆ. ಹೊರಟೆವು.
ಟಾಡೆ ದಾರಿಯುದ್ದಕ್ಕೂ ತುಟಿಪಿಟಕ್ಕೆನ್ನಲಿಲ್ಲ.
ಮುನಿಸೇನೋ ಅಂದುಕೊಂಡೆ.

ಸಂಜೆ ವಾಯವ್ಯದ ಗಾಳಿ. ಕೆಟೆಲ್ ಕುರಿಗಳನ್ನು
ದಿಬ್ಬ ಹತ್ತಿಸುತ್ತಿದ್ದ, ಜೋರಾಗಿ ಎಣಿಸುತ್ತ.
ಒಂಟಿ ದೀಪದಡಿ ಪುಸ್ತಕಗಳ ರಾಶಿ ತೆರೆದೆ.
ಎಲ್ಕೆಯ ನಕ್ಷೆ: ನಾಲ್ಕು ದಿಬ್ಬ, ಒಂದು ಏಡಿ.
ಏಡಿ ಇಗರ್ಜಿಗಿಂತ ದೊಡ್ಡದು.
ಟಾಡೆಯ ಚರಿತ್ರೆಯಲ್ಲಿ ಬಾವಿ ಇಲ್ಲ.
ಭೂಗೋಳದಲ್ಲೂ ಇಲ್ಲ.
ಗಣಿತದ ಪುಸ್ತಕದ ಹಿಂದಿನ ಪುಟದಲ್ಲಿತ್ತು:

ಬಾವಿಯಿಂದ ನಮ್ಮ ಮನೆಯ ಹೊಸ್ತಿಲಿಗೆ
ಸಾವಿರದ ನಾನ್ನೂರ ಆರು ಹೆಜ್ಜೆ.
ಕೆಳಗೆ, ಸಣ್ಣಕ್ಷರದಲ್ಲಿ: ಎಲ್ಕೆಯ ಹೆಜ್ಜೆಯಾದರೆ ಹೆಚ್ಚು.

ಕೆಂಪು ಪೆನ್ನು ಕೈಯಲ್ಲೇ ಉಳಿಯಿತು.
ಲೆಕ್ಕ ಸರಿಯೋ ತಪ್ಪೋ ನೋಡಲು
ಮುಂದಿನ ಇಳಿತದವರೆಗೆ ಕಾಯಬೇಕು.