ಬದನೆ ಹೂವಿನ ಬಣ್ಣ

ನಿಟ್ಟುವಳ್ಳಿಯ ನಮ್ಮ ಮನೆ ಪಕ್ಕದ ತಗಡಿನ ಶೆಡ್ಡು.
ಭಾನುವಾರ ಬಂತೆಂದರೆ ಅಡುಗೆ ಒಂದೇ, ಒಗ್ಗರಣೆ ಮಂಡಕ್ಕಿ.
ಕೈತುಂಬ ಗ್ರೀಸು, ಚಮಚದಲ್ಲಿ ನಿಂತೇ ತಿನ್ನುತ್ತೇವೆ
ನಾವು ಐದು ಜನ,
ನಡುವೆ, ಹಿಂದೆರಡು ಇಟ್ಟಿಗೆ ಕಂಬಕ್ಕೆ ಆತುಕೊಂಡ ಹೆರಾಲ್ಡು.

ಮಕ್ಬೂಲ್ ಸಾಬರ ಗುಜರಿಯಲ್ಲಿ ತೂಕಕ್ಕೆ ಹೋಗಬೇಕಿದ್ದದ್ದು.
ಕಿಲೋ ಲೆಕ್ಕದ ಮೇಲೆ ಎರಡು ಸಾವಿರ ಹೆಚ್ಚು ಕೊಟ್ಟು
ನಮ್ಮವರು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದ ಸಂಜೆ
ನಾನು ಮಾತಾಡಿಸಲಿಲ್ಲ, ಅವರನ್ನೂ, ಅದನ್ನೂ.
ಯಾರದೋ ಬ್ಲೌಸಿಗೆ ಹುಕ್ಕು ಹಚ್ಚುತ್ತ ಕೂತೆ.

ಬೇರೆ ಕಾರಿನ ಹಾಗಲ್ಲ ಇದರ ಬಾನೆಟ್ಟು.
ಮೂತಿ, ಕೆನ್ನೆ, ಕಣ್ಣು ಎಲ್ಲ ಸೇರಿ ಮುಂದಕ್ಕೆ ಮಗುಚುತ್ತದೆ
ಬಾವಿಗೆ ಬಗ್ಗಿ ನೋಡುವವಳ ಹಾಗೆ.
ಮುಂದಿನ ಗಾಲಿಯೇ ಮಣೆ.
ಭೂಮಿಕಾ ಅದರ ಮೇಲೆ ಕೂತು ಕಾರ್ಬೊರೇಟರ್ ಬಿಚ್ಚಿದಳು,
ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದಳು.
ಒಂಬತ್ತನೇ ಕ್ಲಾಸಿನ ಕೈ,
ಅಪ್ಪನ ಬೆರಳು ಹೋಗದ ಕಡೆ ಹೋಗುತ್ತದೆ.
"ಅಮ್ಮಾ, ಟಾರ್ಚು ಸ್ವಲ್ಪ ಈ ಕಡೆ."
ಹಿಡಿದೆ. ಅಲ್ಲಿಗೆ ಮುಗಿಯಿತು ನನ್ನ ಮುನಿಸು.

ಹಿಂದಿನ ಸೀಟು ಕಿತ್ತಾಗ ಒಂದು ಹೇರ್‌ಪಿನ್ನು,
ಐದು ಪೈಸೆಯ ಚೌಕ ನಾಣ್ಯ, ಹತ್ತಿಯ ಇಲಿಗೂಡು.
"ಮಿಲ್ಲಿನ ಹತ್ತಿ," ಅಂದರು ಅತ್ತೆ ಮೂಸಿ ನೋಡಿ.
ನನ್ನ ಮಿಷನ್ನಿಗೆ ರೆಕ್ಸಿನ್ ಜಗ್ಗದು. ಮೂರು ಸೂಜಿ ಮುರಿದವು.
ನಾಲ್ಕನೆಯದಕ್ಕೆ ಎಣ್ಣೆ ಸವರಿ, ಕೈಯಲ್ಲಿ ಚಕ್ರ ತಿರುಗಿಸಿ
ಒಂದೊಂದೇ ಹೊಲಿಗೆ ಇಳಿಸಿದೆ, ಪೈಪಿಂಗ್ ಸಮೇತ.
ಮದುವಣಗಿತ್ತಿಯ ಬ್ಲೌಸಿಗೂ ಇಷ್ಟು ನಾಜೂಕು ಮಾಡಿದವಳಲ್ಲ.

ಜಗಳ ಎದ್ದದ್ದು ಬಣ್ಣಕ್ಕೆ.

ಅತ್ತೆ ದುರುಗಮ್ಮ, ಮಿಲ್ಲಿನ ರೀಲಿಂಗ್ ಖಾತೆಯಲ್ಲಿ ಇಪ್ಪತ್ತೆರಡು ವರ್ಷ.
"ಇದು ಮ್ಯಾನೇಜರ ಗಾಡಿ. ಹಿಂದಿನ ಬಂಪರಿನ ಸೊಟ್ಟು ನನಗೆ ಗೊತ್ತೈತೆ.
ಬದನೆ ಹೂವಿನ ಬಣ್ಣ ಇತ್ತು."
ಮೈದುನ ರುದ್ರೇಶಿ ವಾಟರ್ ಪೇಪರ್ ಹಿಡಿದು ಬಾಗಿಲು ತಿಕ್ಕಿದ.
ಮೇಲೆ ಬಿಳಿ, ಮದುವೆ ಬಾಡಿಗೆಯ ಕಾಲದ್ದು.
ಕೆಳಗೆ ಬಾಟಲಿ ಹಸಿರು. ಅದರಡಿ ಕೆನೆ. ಅದರಡಿ ಬೂದಿ.
ಅದರಡಿ ತಗಡು.

"ಬೂದಿಯೇ ಮೂಲ," ಅಂದರು ನಮ್ಮವರು.
"ಅಜ್ಜಿ ಹೇಳಿದ್ದೇ ಹೊಡಿಬೇಕು," ಭೂಮಿಕಾ.
"ಕೆಂಪು ಹೊಡೀರಿ, ಜನ ತಿರುಗಿ ನೋಡ್ತಾರೆ." ರುದ್ರೇಶಿಯ ಮಾತು ಯಾರ ಕಿವಿಗೂ ಬೀಳಲಿಲ್ಲ.
ಅತ್ತೆ ತಟ್ಟೆ ಕೆಳಗಿಟ್ಟರು:
"ತಗಡಿಗೇನು ಗೊತ್ತು?"
ಎರಡು ಭಾನುವಾರ ಶೆಡ್ಡಿಗೆ ಬೀಗ.

ಆಮೇಲೊಂದು ಬೆಳಗಿನ ಜಾವ ನಲ್ಲಿಯಲ್ಲಿ ನೀರು ಬಂತು.
ಪೈಪು ತರಲು ಶೆಡ್ಡಿನ ಬಾಗಿಲು ತೆಗೆದೆ.
ಎದುರು ಸೈಟು ಖಾಲಿ, ಪೂರ್ವ ಪೂರ್ತಿ ಬಿಚ್ಚಿತ್ತು.
ಪ್ರೈಮರ್ ಹೊಡೆದು ಬಿಟ್ಟಿದ್ದ ಬರೀ ಬೂದಿಯ ಮೇಲೆ
ತೆಳ್ಳಗೆ ನೇರಳೆ ಇಳಿದಿತ್ತು,
ಬದನೆ ಎಸಳಿನ ಒಳಮೈಯಷ್ಟು.
ಎರಡು ಕೊಡ ತುಂಬುವವರೆಗೆ ಇತ್ತು.
ಮೂರನೆಯದಕ್ಕೆ ಮತ್ತೆ ಬೂದಿ.

ಮೊದಲ ಪಾಳಿ. ಆರರ ಸೈರನ್ನು.
ಗೇಟಿನ ಹತ್ತಿರ ಓಡುತ್ತ ಬರುವ ಹೆಂಗಸರು, ನಿಂತ ಕಾರು.
ಹಗಲಿನಲ್ಲಿ ಅದನ್ನು ಅತ್ತೆ ನೋಡಿದ್ದೇ ಇಲ್ಲ.

ಬೂದಿಯನ್ನೇ ಹೊಡೆಸಿದೆವು.
ಯಾಕೆಂದು ನಾನು ಹೇಳಲಿಲ್ಲ. ಇಷ್ಟೇ ಅಂದೆ,
ಮೊದಲ ಸಲ ತೆಗೆಯುವುದು ಆರು ಗಂಟೆಗೆ.

ಅತ್ತೆ ಮುಂದೆ, ಶಾಲು ಹೊದ್ದು. ನಾವು ಹಿಂದೆ, ನನ್ನ ಹೊಲಿಗೆಯ ಮೇಲೆ.
ಎಡಗಡೆ ಇಂಡಿಕೇಟರ್ ಇನ್ನೂ ಉರಿಯದು,
ತಿರುವು ಬಂದಾಗ ಅತ್ತೆಯೇ ಕೈ ಚಾಚುತ್ತಾರೆ.
ರೈಲ್ವೆ ಗೇಟು ಹಾಕಿತ್ತು. ಉದ್ದನೆಯ ಗೂಡ್ಸು.
ಆರಿಸಿದರೆ ಮತ್ತೆ ಹತ್ತುವ ಭರವಸೆಯಿಲ್ಲದೆ
ಎಂಜಿನ್ ಹಾಗೇ ಗುರುಗುಡುತ್ತಿತ್ತು.
ಬಾನೆಟ್ಟಿನ ಮೇಲಿಂದ ಅತ್ತೆ ಕಣ್ಣು ತೆಗೆಯಲಿಲ್ಲ,
ಯಾರೂ ಏನೂ ಕೇಳಲಿಲ್ಲ.

ಕೊನೆಯ ಬೋಗಿ ದಾಟಿ ಗೇಟು ಏಳುವಷ್ಟರಲ್ಲಿ ಬಿಸಿಲು ಬಿತ್ತು.
ಶಾಲು ಮಡಚಿ ತೊಡೆಯ ಮೇಲಿಟ್ಟುಕೊಂಡು ಅಂದರು:
"ಹೋತು. ನಡಿಯಪ್ಪ,
ದೋಸೆ ಅಂಗಡಿಯವನು ಬಾಗಿಲು ತೆಗೆದಿರ್ತಾನೆ."