ಐತವಾರ, ನಾಲ್ಕರ ತನಕ

ಮೊದಲ ವಾರ ಸೀನಿದ್ದಷ್ಟೇ ನೆನಪು.
ಬ್ಯಾಡಗಿಯಲ್ಲಿ ಬಸ್ಸಿಳಿದಾಗ ಒಂದು, ಕೀಲಿ ಇಸಕೊಂಡಾಗ ಎರಡು,
ರಿಜಿಸ್ಟರಿನಲ್ಲಿ ಹೆಸರು ಬರೆವಾಗ ಅಕ್ಷರದ ಮೇಲೆಯೇ ಒಂದು.
ಚಂದ್ರಮಣಿಯ ದ್ರ ಇವತ್ತಿಗೂ ಅಲ್ಲಿ ಕದಡಿಕೊಂಡಿದೆ.

ಮನೆಯೊಡತಿ ಫಕ್ಕೀರವ್ವ ಬಾಗಿಲಲ್ಲಿ ನಿಂತು ನಕ್ಕರು:
"ಊರು ನಿಮ್ಮನ್ನ ಮಾತಾಡ್ಸಾಕತ್ತೈತಿ ಬಿಡ್ರಿ, ಟೀಚರ್ರ."
ಟೀಚರಲ್ಲ ನಾನು. ಮೆಣಸಿನಕಾಯಿಯ ಕೆಂಪು ಅಳೆಯುವವಳು.
ಪುಡಿಯನ್ನು ದ್ರಾವಣದಲ್ಲಿ ನೆನೆಸಿ, ಗಾಜಿನಲ್ಲಿ ತುಂಬಿ,
ಯಂತ್ರದ ಕಿಂಡಿಗಿಟ್ಟು
ಇಷ್ಟು ಕೆಂಪು ಎಂದು ಅಂಕಿ ಬರೆಯುವವಳು.
ಹೇಳಿದೆ.
"ಕೆಂಪು ಕಣ್ಣಿಗೆ ಕಾಣಂಗಿಲ್ಲೇನ್ರಿ?" ಅಂದರು.
ಅದಕ್ಕೆ ಈವರೆಗೂ ಉತ್ತರ ಸಿಕ್ಕಿಲ್ಲ. ಸಂಬಳ ಮಾತ್ರ ಬರುತ್ತಿದೆ.

ಸೋಮವಾರ, ಗುರುವಾರ ಪೇಟೆ.
ಆಗ ಊರಿಗೆ ಊರೇ ಚೀಲ.
ಡಬ್ಬಿಯ ರಾಶಿ, ಕಡ್ಡಿಯ ರಾಶಿ, ನಡುವೆ
ಬಾಯಿಗೆ ಟವೆಲು ಕಟ್ಟಿದ ಹಮಾಲರು,
ತೊಟ್ಟು ಬಿಡಿಸುವ ಹೆಂಗಸರ ಬೆರಳು:
ನೋಡಹೋದರೆ ಕಾಣುವುದಿಲ್ಲ, ಟಕ್ ಎಂಬುದಷ್ಟೇ ಕೇಳುತ್ತದೆ.
ನನ್ನ ಬಿಳಿ ಕೋಟು ತಂತಿಯ ಮೇಲೆ
ಒಣಗುವಷ್ಟರಲ್ಲಿ ತಿಳಿಗುಲಾಬಿ.

ಉಳಿದ ದಿನ ಉಳಿದ ಕೆಲಸ.
ಉಳಿದ ಸಂಜೆ ಏನು ಮಾಡುವುದೆಂದು
ಯಾರೂ ಹೇಳಿಕೊಟ್ಟಿರಲಿಲ್ಲ.

ನಡೆದೆ. ಸ್ಟೇಷನ್ನಿನ ತನಕ ನಡೆದು
ನಿಲ್ಲದ ರೈಲಿಗೆ ನಿಂತು, ತಿರುಗಿ ಬಂದೆ.
ಗಿರಮಿಟ್ಟು ತಿಂದು ಪೊಟ್ಟಣದ ಕಾಗದ ಓದಿದೆ:
ಯಾರೋ ಮೂರು ಕ್ವಿಂಟಲ್ ಹದಿನೆಂಟು ಕಿಲೊ ಮಾರಿದ್ದರು,
ಸಹಿ ಇದ್ದ ಕಡೆ ಎಣ್ಣೆ.
ಕೊಳ್ಳೇಗಾಲಕ್ಕೆ ಫೋನು ಹಚ್ಚಿ
"ವಸಿ ಖಾರ ಕಣವ್ವ, ಅಷ್ಟೇಯ" ಅಂದೆ.
ಹಿಂದೆ ನಿಂತಿದ್ದ ಹುಡುಗ ವಸಿ, ವಸಿ ಎನ್ನುತ್ತ
ಆ ಪದವನ್ನು ಓಣಿಯ ತುದಿಯವರೆಗೆ
ಗೋಲಿಯಂತೆ ಉರುಳಿಸಿಕೊಂಡು ಹೋದ.

ಕೋಲ್ಡ್ ಸ್ಟೋರೇಜಿನಲ್ಲಿ ಪಾಸು ಬರೆಯುವ ಕೌಸರ್‌ಬಾನು
ಒಂದು ಐತವಾರ (ನನಗಿನ್ನೂ ಅದು ಭಾನುವಾರ)
ಬಂದು ಹೊಸ್ತಿಲಲ್ಲೇ ಅಂದಳು:
"ಸುಮ್ನ ಕುಂತಿಯಲ್ಲ, ಗಾಡಿ ಕಲಿಯಾಕ ಬಾ."

ಪೇಟೆಯಿಲ್ಲದ ದಿನದ ಯಾರ್ಡು ನೋಡಿದ್ದೀರಾ?
ಅಷ್ಟು ಕೆಂಪಿದ್ದ ಕಡೆ ಅಷ್ಟೊಂದು ಬಯಲು.
ಕಲ್ಲಿನ ಸಂದಿಯಲ್ಲಿ ಬೀಜ, ಬೀಜಕ್ಕೆ ಗುಬ್ಬಿ.
ಮೂಲೆಯಲ್ಲಿ ಹುಡುಗರ ಕ್ರಿಕೆಟ್ಟು, ತಕ್ಕಡಿಯೇ ವಿಕೆಟ್ಟು.
ಕಟ್ಟೆಯ ಮೇಲೆ ಚೀಲ ಹಾಸಿ ಮಲಗಿದ ಹಮಾಲ,
ವಾರವಿಡೀ ಹೊತ್ತದ್ದರ ಮೇಲೆ ಈಗ ತಾನೇ ಭಾರ.

ಕೌಸರಳ ಗಾಡಿಗೆ ಹಾರ್ನಿಲ್ಲ.
"ಎದುರಿಗೆ ಯಾರರ ಬಂದ್ರ ಸೀನು" ಅಂದಳು.

ಮೊದಲ ಐತವಾರ ತಳ್ಳಿದ್ದೇ ಹೆಚ್ಚು.
ಎರಡನೆಯದಕ್ಕೆ ಮೊಣಕಾಲು. ನೆಲದ ಧೂಳು ಗಾಯಕ್ಕೆ ಹೊಕ್ಕು
ಉರಿ ಅಂದರೆ ಉರಿ,
ನನ್ನ ಯಂತ್ರದ ಅಂಕಿಗೆ ಸಿಗದಂಥದ್ದು.
ಹಮಾಲ ಕಣ್ಣು ತೆರೆಯದೆಯೇ
"ಎಣ್ಣಿ ಹಚ್ರಿ, ನೀರ ಹಾಕಬ್ಯಾಡ್ರಿ" ಎಂದು ಮಗ್ಗುಲಾದ.

ನಾಲ್ಕನೆಯದೋ ಐದನೆಯದೋ, ಲೆಕ್ಕ ತಪ್ಪಿದೆ,
ಕೌಸರ್ ಹಿಂದೆ ಹಿಡಿದೇ ಇದ್ದಾಳೆಂದುಕೊಂಡು
ಮಾತಾಡುತ್ತ ಹೋದೆ:
ಅಪ್ಪ ಮಗ್ಗ ಮಾರಿದ ದಿನದ ಬಗ್ಗೆ,
ಒಬ್ಬನಿಗೆ ಕೊಡದೆ ಬಿಟ್ಟ ಉತ್ತರದ ಬಗ್ಗೆ,
ಇಲ್ಲಿಯ ರೊಟ್ಟಿ ನನ್ನ ಕೈಯಲ್ಲಿ ಇನ್ನೂ ನಕಾಶೆಯಾಗುವ ಬಗ್ಗೆ.
ಮೂರನೇ ಶೆಡ್ಡು ದಾಟಿ ತಿರುಗಿದರೆ
ಅವಳು ಅಲ್ಲಿ, ಬೇವಿನ ಕೆಳಗೆ,
ಶೇಂಗಾ ಒಡೆಯುತ್ತ ಕೂತಿದ್ದಾಳೆ.
ಅಷ್ಟನ್ನೂ ಖಾಲಿ ಶೆಡ್ಡು ಕೇಳಿಸಿಕೊಂಡಿತ್ತು.
ಇರಲಿ. ಅಲ್ಲಿ ಇಳಿಸಿದ್ದು
ಆ ದಿನ ತೂಕಕ್ಕೆ ಹೋಗುವುದಿಲ್ಲ.

ನಾಲ್ಕಕ್ಕೆ ಮೊದಲ ಲಾರಿ.
ಹುಡುಗರು ವಿಕೆಟ್ಟನ್ನು ತಕ್ಕಡಿಗೆ ಬಿಟ್ಟು ಓಡಿದರು.
ಹಮಾಲ ಹಾಸಿಗೆ ಕೊಡವಿ ಚೀಲ ಮಾಡಿಕೊಂಡ.
ನಾನು ಗೇಟಿನ ನಟ್ಟನಡುವೆ, ಬಂದಾದ ಗಾಡಿಯ ಮೇಲೆ,
ಎದುರಿಗೆ ನಾಳೆಯ ಅಷ್ಟೂ ಕೆಂಪು
ತಾಡಪಾಲಿನ ಕೆಳಗೆ ಉಸಿರಾಡುತ್ತಿದೆ.

ಸೀನಬೇಕಿತ್ತು.
ಮೂಗು ಏರಿಸಿ ನೋಡಿದೆ, ಸೀನು ಬರಲಿಲ್ಲ.
ಯಾವ ದಿನ ನಿಂತಿತ್ತೋ, ಹೇಳದೆ.

ಲಾರಿಯವ ಹಾರ್ನು ಒತ್ತಿದ. ಮತ್ತೊಮ್ಮೆ ಒತ್ತಿದ.
"ವಸಿ ತಡೀರಿ, ಹೊಂಟೇನಿ!" ಅಂದೆ.
ಅವನು ಎಂಜಿನ್ ಆರಿಸಿ
ಬೀಡಿ ಹಚ್ಚಿದ.