ಹದಿಮೂರು ಅಕ್ಷರ

ಕಬ್ಬನ್‌ಪೇಟೆಯ ಸಂದಿಯಲ್ಲಿ, ಮೆಟ್ಟಿಲ ಕೆಳಗೆ
ಆರಡಿ ಜಾಗ ನನ್ನದು.
ಹಿತ್ತಾಳೆ ತಗಡು, ಉಳಿ, ತಲೆಗೆ ತಾಗುವ ಬಲ್ಬು.
ಯಾರು ಗೆಲ್ಲುತ್ತಾರೋ ನನಗೆ ಗೊತ್ತಿರುವುದಿಲ್ಲ,
ಗೆದ್ದವರಿಗೆ ಏನು ಸಿಗುತ್ತದೆಂದು
ಎರಡು ದಿನ ಮುಂಚೆಯೇ ಗೊತ್ತಿರುತ್ತದೆ.

ಅಕ್ಷರಕ್ಕೆ ಐದು ರೂಪಾಯಿ.
ಕೊಂಬು, ದೀರ್ಘ, ಒತ್ತು ಎಲ್ಲ ಅದರಲ್ಲೇ ಬಂತು.

ಲಗ್ಗೆರೆಯ ಸಂಘದವರು ಪ್ರತಿ ನವೆಂಬರಿಗೆ ಬರುತ್ತಾರೆ,
ಕಬಡ್ಡಿಗೆ ಎರಡು ಕಪ್ ಹೊತ್ತುಕೊಂಡು.
ಒಂದು ನನ್ನ ಸೊಂಟದೆತ್ತರ,
ಇನ್ನೊಂದು ಕಾಫಿ ಫಿಲ್ಟರಿನಷ್ಟು.
ದೊಡ್ಡದರ ಚೀಟಿಯಲ್ಲಿ: ಪ್ರಥಮ ಬಹುಮಾನ.
ಸಣ್ಣದರಲ್ಲಿ: ಮಹಿಳಾ ವಿಭಾಗ, ಪ್ರಥಮ ಬಹುಮಾನ.

ಅಗಲ ತಗಡಿಗೆ ಏಳಕ್ಷರ, ಕಾಲು ಚಾಚಿ ಮಲಗಿದ ಹಾಗೆ.
ಬೆರಳಗಲದ ತಗಡಿಗೆ ಹದಿಮೂರು.
ಉಸಿರು ಬಿಗಿಹಿಡಿದು ಕೆತ್ತಬೇಕು,
‘ಮಹಿಳಾ’ದ ಹೊಟ್ಟೆ ‘ವಿಭಾಗ’ದ ಬೆನ್ನಿಗೆ ತಾಗದಂತೆ.
ಹದಿನೇಳು ವರ್ಷ ಕೆತ್ತಿದೆ. ಬೆಳಕಿನ ಕೆಲಸ ಅಂದುಕೊಂಡೆನೇ ಹೊರತು
ಬೇರೇನೂ ಅಂದುಕೊಳ್ಳಲಿಲ್ಲ.

ಹೋದ ವರ್ಷ ಡಿಸೆಂಬರಿನಲ್ಲಿ ಒಬ್ಬಳು ಬಂದಳು,
ಹೆಬ್ಬೆರಳಿಗೆ ಬಿಳಿ ಟೇಪು, ಕೊರಳಲ್ಲಿ ಗಾರ್ಮೆಂಟ್ಸಿನ ಬ್ಯಾಡ್ಜು.
ಜಯಶೀಲಾ. ಕಪ್ಪಿನ ಕಿವಿ ಕಿತ್ತು ಬಂದಿತ್ತು,
ಬೆಸುಗೆ ಹಾಕಿಕೊಡಿ ಅಂದಳು.
ಕಾಯುತ್ತಾ ಕೂತವಳು ಕೇಳಿದಳು:
‘ಆ ದೊಡ್ಡದರ ಮೇಲೆ ಏನು ಬರೆದಿದ್ರಿ, ಅಣ್ಣ?’

ಹೇಳಿದೆ. ಬೆರಳು ಮಡಿಚಿ ಎಣಿಸಿದಳು, ಎರಡು ಸಲ.

‘ನಮ್ಮ ಫೈನಲ್ಲು ಮಧ್ಯಾಹ್ನ ಎರಡಕ್ಕೆ,
ಶಾಮಿಯಾನದ ಗೂಟ ಹೊಡೀತಾ ಇದ್ರು.
ನೋಡೋಕೆ ನಾಲ್ಕು ನಾಯಿ, ಐಸ್‌ಕ್ಯಾಂಡಿ ಗಾಡಿ.
ಅವರದ್ದು ಲೈಟು ಹಾಕಿದ ಮೇಲೆ.
ರೈಡಿಗೆ ಮೂವತ್ತು ಸೆಕೆಂಡು ಅವರಿಗೂ, ನಮಗೂ.
ಅವರಿಗೆ ಐವತ್ತು ಸಾವಿರ, ನಮಗೆ ಐದು ಲೀಟರಿನ ಕುಕ್ಕರು.
ಏಳು ಜನಕ್ಕೆ ಒಂದು ಕುಕ್ಕರು, ಅಣ್ಣ!
ಚೀಟಿ ಎತ್ತಿದ್ವಿ. ಪುಷ್ಪವಲ್ಲಿಗೆ ಬಂತು.
ಅವಳು ಹಾಸ್ಟೆಲಲ್ಲಿ ಇರೋದು.’

ನಕ್ಕಳು. ನಾನೂ ನಕ್ಕೆ, ಆಮೇಲೆ
ಬೆಸುಗೆಯ ಹೊಗೆಗೆ ಅನ್ನುವಂತೆ ಮುಖ ತಿರುಗಿಸಿದೆ.
ದುಡ್ಡು ಬೇಡ ಅಂದರೆ ಕೇಳಲಿಲ್ಲ:
‘ಪುಕ್ಕಟೆ ಕೊಟ್ಟಿದ್ದು ಸಾಕಾಗಿದೆ’ ಎಂದು
ನಲವತ್ತು ರೂಪಾಯಿ ಉಳಿಯ ಪಕ್ಕ ಇಟ್ಟು ಹೋದಳು.

ರಾತ್ರಿ ಲೆಕ್ಕ ಹಾಕಿದೆ. ಆರು ಅಕ್ಷರ, ಮೂವತ್ತು ರೂಪಾಯಿ,
ಹದಿನೇಳು ಸಲ. ಐನೂರ ಹತ್ತು.
ಅವರನ್ನು ಪಕ್ಕಕ್ಕೆ ಸರಿಸಿದ್ದಕ್ಕೆ
ನನಗೆ ಸಂದ ಕೂಲಿ.

ಈ ವರ್ಷ ಅದೇ ಚೀಟಿ ಬಂತು.
ದೊಡ್ಡದರ ಮೇಲೆ, ಯಾರೂ ಹೇಳದೆ, ಕಾಸು ಕೇಳದೆ,
ಮೊದಲು ಕೆತ್ತಿದೆ: ಪುರುಷ ವಿಭಾಗ.
ಅದೂ ಆರೇ ಅಕ್ಷರ.
ತಗಡಿನಲ್ಲಿ ಇನ್ನೂ ಜಾಗ ಮಿಕ್ಕಿತ್ತು.

ಅಧ್ಯಕ್ಷರು ಕನ್ನಡಕ ಏರಿಸಿ ಓದಿದರು.
‘ಏನ್ರೀ ಆಚಾರ್ರೇ, ಇದೇನು ಹೊಸಾದು?
ಕಬಡ್ಡಿ ಅಂದ್ರೆ ಕಬಡ್ಡಿ. ಗಂಡಸರದ್ದು ಅಂತ
ಬೇರೆ ಹೇಳಬೇಕಾ?’
ತಪ್ಪು ಮಾತಾಡುವ ಮನುಷ್ಯರಲ್ಲ ಅವರು.
ಜನ ಬರೋದು ಅದಕ್ಕೆ, ಬ್ಯಾನರಿನವನು ದುಡ್ಡು ಕೊಡೋದು ಅದಕ್ಕೆ,
ನಾನೇನು ನನ್ನ ಜೇಬಿಗೆ ಹಾಕ್ಕೊಂಡ್ನಾ ಅಂದರು.
ಹಾಕಿಕೊಂಡಿಲ್ಲ.
ಎರಡು ಗಂಟೆಯ ಬಿಸಿಲಿಗೆ ಯಾರು ಬರುತ್ತಾರೆ ಸ್ವಾಮೀ
ಎಂದು ಕೇಳಬೇಕಿತ್ತು. ನಾಲಿಗೆಯ ತುದಿಗೂ ಬಂತು.
ಬಾಡಿಗೆ ಬಾಕಿ ಇತ್ತು.

ಚಕ್ರಕ್ಕೆ ಹಿಡಿದು ಉಜ್ಜಿದೆ. ಆರೂ ಹೋದವು.
ಅಳಿಸಿದ ಕೂಲಿ ಅವರು ಕೊಡಲಿಲ್ಲ, ನಾನು ಕೇಳಲಿಲ್ಲ.

ಹಿತ್ತಾಳೆ ಮಾತ್ರ ಅಲ್ಲಿ ತುಸು ತೆಳುವಾಗಿದೆ.
ಕಣ್ಣಿಗೆ ಕಾಣುವುದಿಲ್ಲ.
ರಾತ್ರಿ ಹನ್ನೊಂದಕ್ಕೆ, ಪಟಾಕಿಯ ಹೊಗೆಯಲ್ಲಿ
ಅದನ್ನು ಎತ್ತಿ ಹಿಡಿಯುವ ಹುಡುಗನ ಹೆಬ್ಬೆರಳು
ಆ ತಗ್ಗಿನ ಮೇಲೆ ಬಿದ್ದರೆ,
ಒಂದು ಗಳಿಗೆ ಅಲ್ಲೇ ನಿಂತರೆ.